ಸಕ್ಕರೆ ಕಾಯಿಲೆ ಮತ್ತು ಕೊರಗು: ಒಂದು ಹಳೆಯ ನಂಟು

ಸಕ್ಕರೆ ಕಾಯಿಲೆಯವರು ಏನು ತಿನ್ನಬೇಕು, ಏನು ಬಿಡಬೇಕು ಎಂಬುದರ ಮೇಲೆ ಒಂದು ಲೇಖನ ಬರೆದುಕೊಡಿ ಎಂದು ನಮ್ಮ ಸಂಪಾದಕರು ಕೇಳಿ ಎರಡು ಸಂಚಿಕೆಗಳು ಕಳೆದುಹೋದವು. ಬರೆಯಲು ಕುಳಿತಾಗಲೆಲ್ಲ ಪೆನ್ನು ಬೇರೆ ಕಡೆಗೇ ತಿರುಗುತ್ತಿತ್ತು. ಅನ್ನ ಕಡಿಮೆ ಮಾಡಿ, ಹೋಳಿಗೆ ಮುಟ್ಟಬೇಡಿ ಎಂಬ ಉಪದೇಶವನ್ನು ನಮ್ಮ ಜನ ಈಗಾಗಲೇ ನೂರು ಸಲ ಕೇಳಿದ್ದಾರೆ. ಕೇಳಿಕೊಂಡೇ ಹೋಳಿಗೆಯನ್ನೂ ತಿಂದಿದ್ದಾರೆ. ಸಂಪಾದಕರು ಕ್ಷಮಿಸಬೇಕು. ಅಷ್ಟಾಗಿ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿಯನ್ನು ಈ ಸಲ ಬರೆಯುತ್ತಿದ್ದೇವೆ. ಅದಕ್ಕೊಂದು ಉದ್ದದ ಚರಿತ್ರೆಯೂ ಇದೆ.

ಕೆಲವು ವರ್ಷಗಳ ಹಿಂದೆ ಲಿವರ್‌ಪೂಲಿನ ಕಡೆಯ ಒಂದು ಕನ್ನಡ ಕುಟುಂಬದ ಹಿರಿಯ ತಾಯಿಯೊಬ್ಬರು ನಮ್ಮಲ್ಲಿಗೆ ಔಷಧಿಗೆ ಬರುತ್ತಿದ್ದರು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇವೆ.) ಯಜಮಾನರು ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಮಗನ ಜೊತೆ ಇರಲು ಬಂದವರು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ 8ರಿಂದ 9ಕ್ಕೆ, 9ರಿಂದ 10ಕ್ಕೆ ಏರುತ್ತ ಹೋಯಿತು. ನಾವು ಮಾತ್ರೆಯ ಪ್ರಮಾಣ ಏರಿಸಿದೆವು, ಇನ್ನೊಂದು ಮಾತ್ರೆ ಸೇರಿಸಿದೆವು, ಕೊನೆಗೆ ಇನ್ಸುಲಿನ್ ಬರೆದೆವು. ಪ್ರತಿ ಸಲವೂ "ಅಮ್ಮಾ, ದಿನಾ ಅರ್ಧ ಗಂಟೆ ನಡೀಬೇಕು" ಎಂದು ಹೇಳಿ ಕಳಿಸುತ್ತಿದ್ದೆವು. ಅವರು ತಲೆಯಾಡಿಸುತ್ತಿದ್ದರು. ಒಂದು ದಿನ ಮಗ ಕಾರು ನಿಲ್ಲಿಸಲು ಹೋಗಿದ್ದ ಸಮಯ ನೋಡಿ ಮೆಲ್ಲಗೆ, "ನಡೀರಿ ನಡೀರಿ ಅಂತೀರಲ್ಲ ಡಾಕ್ಟ್ರೇ, ಎಲ್ಲಿಗೆ ಅಂತ ನಡೀಲಿ? ಯಾರ ಮನೆಗೆ?" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಕೂರಿಸಿ ವಿಚಾರಿಸಿದಾಗ ಒಂದೊಂದೇ ಹೊರಬಂತು. ಮಾತ್ರೆಗಳಲ್ಲಿ ಅರ್ಧಕ್ಕರ್ಧ ಡಬ್ಬಿಯಲ್ಲೇ ಉಳಿಯುತ್ತಿದ್ದವು. ಇನ್ಸುಲಿನ್ ಪೆನ್ನು ಫ್ರಿಜ್ಜಿನಲ್ಲಿ ಬೆಚ್ಚಗಿತ್ತು, ಅಂದರೆ ತಣ್ಣಗಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ನಿತ್ಯ ಹೂವೇರಿಸಿ ಪೂಜೆ ಮಾಡುತ್ತಿದ್ದವರು ದೀಪ ಹಚ್ಚುವುದನ್ನೇ ಬಿಟ್ಟು ಎಂಟು ತಿಂಗಳಾಗಿತ್ತು. ಎರಡು ವರ್ಷ ನಾವು ಅವರ ರಕ್ತ ನೋಡಿದ್ದೆವು, ಮೂತ್ರ ನೋಡಿದ್ದೆವು, ಕಣ್ಣು, ಪಾದ ಎಲ್ಲ ನೋಡಿದ್ದೆವು. ಮನಸ್ಸು ಹೇಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ತಪ್ಪು ನಮ್ಮದೇ.

ಇಂಥ ತಪ್ಪು ವೈದ್ಯರೆಲ್ಲರೂ ಮಾಡುವಂಥದೇ ಎಂದು ಸಮಾಧಾನ ಮಾಡಿಕೊಳ್ಳಲು ಹಳೆಯ ಪುಸ್ತಕಗಳನ್ನು ತೆಗೆದೆವು. ಸಮಾಧಾನದ ಬದಲು ನಾಚಿಕೆಯೇ ಹೆಚ್ಚಾಯಿತು. ಹಿಂದಿನವರಿಗೆ ಇದು ಗೊತ್ತಿತ್ತು.

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಪಟ್ಟಿಯಿದೆ. ಯಾವ ಯಾವ ವಿಷಯದಲ್ಲಿ ಯಾವುದು ಎಲ್ಲಕ್ಕಿಂತ ಮುಂದು ಎಂದು ಹೇಳುವ ಪಟ್ಟಿ. ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ಅಗ್ರಸ್ಥಾನವನ್ನು ಚರಕ ಕೊಟ್ಟಿರುವುದು ತಿಂಡಿಗಲ್ಲ, ಗಾಳಿಗಲ್ಲ, ವಿಷಾದಕ್ಕೆ. ಅದೇ ಗ್ರಂಥದ ನಿದಾನಸ್ಥಾನದಲ್ಲಿ ಪ್ರಮೇಹದ ವಿಚಾರ ಬರುತ್ತದೆ. ತಿನ್ನುವ ಆಸೆ ಹೆಚ್ಚಾಗಿ, ಸ್ನಾನವೂ ಓಡಾಟವೂ ಬೇಡವಾದವನನ್ನು ಪ್ರಮೇಹವು, ಹಕ್ಕಿ ತನ್ನ ಗೂಡಿರುವ ಮರವನ್ನು ಸೇರುವಷ್ಟು ಬೇಗ ಬಂದು ಸೇರುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಸ್ನಾನ ಬೇಡ, ಹೊರಗೆ ಹೋಗುವುದು ಬೇಡ: ಇದನ್ನು ಇಂದು ಓದಿದರೆ ಸೋಮಾರಿಯ ವರ್ಣನೆಯೋ ಮನಸ್ಸು ಕುಗ್ಗಿದವರ ವರ್ಣನೆಯೋ ಎಂಬ ಅನುಮಾನ ನಮಗಂತೂ ಬರುತ್ತದೆ. ಚರಕ ಹಾಗೆಂದು ಹೇಳಿಲ್ಲ, ಅನುಮಾನ ನಮ್ಮದು.

ಸುಶ್ರುತನ ಚಿಕಿತ್ಸೆ ಇನ್ನೂ ಸ್ವಾರಸ್ಯ. ವ್ಯಾಯಾಮ, ಕುಸ್ತಿ, ಆನೆ ಕುದುರೆ ಸವಾರಿ ಇವೆಲ್ಲ ಮಧುಮೇಹಿಗೆ ಹಿತ. ಕೈಯಲ್ಲಿ ಕಾಸಿಲ್ಲದವನಿಗೆ ಮಾತ್ರ ಬೇರೆ ದಾರಿ: ಚಪ್ಪಲಿಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನ ಉಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು, ಇಲ್ಲವೆ ದನಗಳ ಹಿಂದೆ ತಿರುಗಬೇಕು, ಇಲ್ಲವೆ ಬಾವಿ ತೋಡಬೇಕು. ಯೋಜನವೆಂದರೆ ಎಷ್ಟು ದೂರ ಎಂಬುದರಲ್ಲಿ ಪಂಡಿತರಿಗೆ ಜಗಳವಿದೆ. ಎಂಟು ಕಿಲೋಮೀಟರೆಂದು ಕಡಿಮೆ ಹಿಡಿದರೂ ಲೆಕ್ಕ ಎಂಟುನೂರು ಕಿಲೋಮೀಟರಿಗೆ ಬರುತ್ತದೆ. ನಮ್ಮ ಲಿವರ್‌ಪೂಲಿನಲ್ಲಿ ಹ್ಯೂಮ್ ಹೈವೇ ಹತ್ತಿದರೆ ಹೆಚ್ಚು ಕಡಿಮೆ ಮೆಲ್ಬೋರ್ನ್ ಮುಟ್ಟುವಷ್ಟು! ಯಾರಿಗೆ ಸಾಧ್ಯ ಎಂದು ನಗಬೇಡಿ. 1983ರಲ್ಲಿ ಸಿಡ್ನಿಯಿಂದ ಮೆಲ್ಬೋರ್ನಿಗೆ ನಡೆದ ಓಟದ ಪಂದ್ಯವನ್ನು ಗೆದ್ದವರು ಕ್ಲಿಫ್ ಯಂಗ್ ಎಂಬ 61 ವರ್ಷದ ಆಲೂಗೆಡ್ಡೆ ರೈತ. 875 ಕಿಲೋಮೀಟರನ್ನು ಅವರು ಮುಗಿಸಿದ್ದು 5 ದಿನ 15 ಗಂಟೆಗಳಲ್ಲಿ.

ಪಶ್ಚಿಮದಲ್ಲಿ ಈ ಎರಡು ಎಳೆಗಳನ್ನು ಸ್ಪಷ್ಟವಾಗಿ ಗಂಟು ಹಾಕಿದವರು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ (1621–1675). ವೈದ್ಯ ವಿದ್ಯಾರ್ಥಿಗಳಿಗೆಲ್ಲ ಈ ಹೆಸರು ಪರಿಚಿತ; ಮೆದುಳಿನ ಬುಡದಲ್ಲಿರುವ ರಕ್ತನಾಳಗಳ ಬಳೆಗೆ ಅವರದೇ ಹೆಸರು. ಮೂತ್ರ ಜೇನಿನಂತೆ ಸಿಹಿಯಾಗಿರುತ್ತದೆ ಎಂದು ಯುರೋಪಿನಲ್ಲಿ ಗುರುತಿಸಿ ಬರೆದವರೂ ಅವರೇ, 1674ರಲ್ಲಿ. (ನಮ್ಮವರು ಇದನ್ನು ಎಷ್ಟೋ ಶತಮಾನ ಮೊದಲೇ ಕಂಡುಕೊಂಡಿದ್ದರು, ಕಂಡುಹಿಡಿದದ್ದು ಇರುವೆಗಳು, ವೈದ್ಯರು ಇರುವೆಗಳನ್ನು ನೋಡಿದರು.) ಈ ಕಾಯಿಲೆ ಏಕೆ ಬರುತ್ತದೆ ಎಂಬುದಕ್ಕೆ ವಿಲ್ಲಿಸ್ ಕೊಟ್ಟ ಕಾರಣಗಳಲ್ಲಿ ಒಂದು, ಬಹುಕಾಲ ಬಿಡದೆ ಕಾಡುವ ದುಃಖ. ಇದಕ್ಕೆ ಕನ್ನಡದಲ್ಲಿ ಒಂದೇ ಮಾತು ಸಾಕು: ಕೊರಗು.

ಮೆದುಳು ಬಲ್ಲ ವೈದ್ಯರೇ ಸಕ್ಕರೆಯನ್ನೂ ಬಲ್ಲವರಾಗಿದ್ದ ಕಾಲ ಅದು. 1849ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಮೆದುಳಿನ ಕೆಳಭಾಗದಲ್ಲಿ ಒಂದು ಕಡೆ ಸೂಜಿಯಿಂದ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಇನ್ನೇನು, ತಲೆಗೂ ಸಕ್ಕರೆಗೂ ನಂಟು ಸಾಬೀತಾಯಿತು ಎನ್ನುವಾಗ ಕಥೆ ಬೇರೆ ದಿಕ್ಕು ಹಿಡಿಯಿತು. 1889ರಲ್ಲಿ ಜರ್ಮನ್ ವೈದ್ಯರಾದ ಫಾನ್ ಮೆರಿಂಗ್ ಮತ್ತು ಮಿಂಕೋವ್ಸ್ಕಿ, ಮೇದೋಜೀರಕ ಗ್ರಂಥಿಯನ್ನು ತೆಗೆದ ನಾಯಿಗೆ ಸಕ್ಕರೆ ಕಾಯಿಲೆ ಬರುವುದನ್ನು ತೋರಿಸಿದರು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಹೊರತೆಗೆದರು. 1923ರ ಹೊತ್ತಿಗೇ ನಮ್ಮ ಮೆಲ್ಬೋರ್ನಿನ ಕಾಮನ್‌ವೆಲ್ತ್ ಸೀರಮ್ ಲ್ಯಾಬೊರೇಟರೀಸ್ ಇನ್ಸುಲಿನ್ ತಯಾರಿಸಲು ತೊಡಗಿತ್ತು. ಸಾಯುತ್ತಿದ್ದ ಮಕ್ಕಳು ಎದ್ದು ಕುಳಿತವು. ಇಷ್ಟು ದೊಡ್ಡ ಬೆಳಕು ಬಂದಾಗ ಪಕ್ಕದಲ್ಲಿದ್ದ ಸಣ್ಣ ದೀಪ ಯಾರ ಕಣ್ಣಿಗೆ ಬೀಳುತ್ತದೆ? ವಿಲ್ಲಿಸರ ಕೊರಗು ಪಠ್ಯಪುಸ್ತಕದ ಅಡಿಟಿಪ್ಪಣಿಯಾಯಿತು. ಸಕ್ಕರೆ ಕಾಯಿಲೆ ಗ್ರಂಥಿಯ ಲೆಕ್ಕಕ್ಕೆ ಸೇರಿತು, ಮನಸ್ಸು ಬೇರೆ ಕಟ್ಟಡಕ್ಕೆ ಹೋಯಿತು.

ಬೇರೆ ಕಟ್ಟಡ ಎಂದಿದ್ದು ಅಲಂಕಾರಕ್ಕಲ್ಲ. ಬೆಂಗಳೂರನ್ನೇ ನೋಡಿ. 1847ರಷ್ಟು ಹಿಂದೆ ಅಲ್ಲಿ ಹುಚ್ಚಾಸ್ಪತ್ರೆ (ಆಗಿನ ಮಾತು, ನಮ್ಮದಲ್ಲ) ಆರಂಭವಾಯಿತು. ಅದೇ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1954ರಲ್ಲಿ ಅಖಿಲ ಭಾರತ ಸಂಸ್ಥೆಯಾಗಿ, 1974ರಲ್ಲಿ ನಿಮ್ಹಾನ್ಸ್ ಆಯಿತು. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಗೂ ಅದಕ್ಕೂ ನಡುವೆ ಕೆಲವೇ ಕಿಲೋಮೀಟರು. ಆದರೆ ರೋಗಿಯ ಮನಸ್ಸಿನಲ್ಲಿ ಆ ದೂರ ನೂರು ಯೋಜನ. ವಿಕ್ಟೋರಿಯಾಕ್ಕೆ ಹೋಗಿಬಂದೆ ಎಂದು ಊರೆಲ್ಲ ಹೇಳಿಕೊಳ್ಳುವವರು ನಿಮ್ಹಾನ್ಸ್ ಗೇಟಿನ ಮುಂದೆ ಬಸ್ಸಿನಿಂದ ಇಳಿಯುವುದನ್ನು ಪರಿಚಯದವರು ನೋಡಿಯಾರೆಂದು ಒಂದು ಸ್ಟಾಪು ಮುಂದೆ ಹೋಗಿ ಇಳಿಯುತ್ತಿದ್ದರು. ನಮ್ಮ ಓದೂ ಹಾಗೆಯೇ ನಡೆಯಿತು. ಎಂ.ಬಿ.ಬಿ.ಎಸ್.ನಲ್ಲಿ ಮನೋವೈದ್ಯಕ್ಕೆ ಕೊಟ್ಟಿದ್ದ ಪೋಸ್ಟಿಂಗ್ ಎರಡು ವಾರ. ಮೆಡಿಸಿನ್ ವಾರ್ಡಿನಲ್ಲಿ ಸಕ್ಕರೆ ಕಾಯಿಲೆ ಪಾಠ ಹೇಳಿದ ಗುರುಗಳು ಮನಸ್ಸಿನ ಮಾತೆತ್ತಲಿಲ್ಲ. ಮನೋವೈದ್ಯದ ಗುರುಗಳು ಸಕ್ಕರೆಯ ಮಾತೆತ್ತಲಿಲ್ಲ. ವಿದೇಶಕ್ಕೆ ಬಂದು ರೆಸಿಡೆನ್ಸಿ ಮಾಡುವಾಗ ಕಟ್ಟಡಗಳು ದೊಡ್ಡವಾದವು, ನಡುವಿನ ಗೋಡೆ ಹಾಗೇ ಇತ್ತು.

ಈ ಗೋಡೆ ಒಡೆಯಲು ಶುರುವಾದದ್ದು ಒಂದು ಸೋಲಿನಿಂದ. ಐವತ್ತರ ದಶಕದಲ್ಲಿ ಖಿನ್ನತೆಗೆ ಮಾತ್ರೆಗಳು ಬಂದವು. ಅಮೆರಿಕದ ಸೇಂಟ್ ಲೂಯಿಸ್‌ನ ಪ್ಯಾಟ್ರಿಕ್ ಲಸ್ಟ್‌ಮನ್ ಮತ್ತು ಸಂಗಡಿಗರು ಅಂಥ ಒಂದು ಹಳೆಯ ಮಾತ್ರೆ ನಾರ್‌ಟ್ರಿಪ್ಟಿಲೀನನ್ನು ಸಕ್ಕರೆ ಕಾಯಿಲೆ ಇರುವ ಖಿನ್ನರಿಗೆ ಕೊಟ್ಟು ನೋಡಿ 1997ರಲ್ಲಿ ಫಲ ಪ್ರಕಟಿಸಿದರು. ಮನಸ್ಸು ಹಗುರಾಯಿತು. ಆದರೆ ಆ ಮಾತ್ರೆಗೆ ಸಕ್ಕರೆಯನ್ನು ಏರಿಸುವ ಗುಣವೂ ಇತ್ತು. ಇತ್ತ ಎಳೆದರೆ ಅತ್ತ ಸಾಲದು. ಹಾಗಾದರೆ ಮಾತ್ರೆಯಿಲ್ಲದೆ, ಬರೀ ಮಾತಿನಿಂದ ಸಾಧ್ಯವೇ ಎಂದು ಅದೇ ತಂಡ ಪರೀಕ್ಷಿಸಿತು.

ಮಾತಿನ ಚಿಕಿತ್ಸೆ ಎಂದೊಡನೆ ನಮ್ಮವರಿಗೆ ಬುದ್ಧಿವಾದ ನೆನಪಾಗುತ್ತದೆ. ಅದು ಅಲ್ಲ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಆರನ್ ಬೆಕ್ ರೂಪಿಸಿದ ಕ್ರಮ ಇದು. ಒಂದು ಉದಾಹರಣೆ ಕೊಡುತ್ತೇವೆ. ಬೆಳಿಗ್ಗೆ ಬೆರಳು ಚುಚ್ಚಿ ನೋಡಿದಾಗ ಮೀಟರು 14 ತೋರಿಸುತ್ತದೆ. (ಊರಿನ ಲೆಕ್ಕದಲ್ಲಿ ಸುಮಾರು 250.) ತಕ್ಷಣ ಮನಸ್ಸು ಹೇಳುತ್ತದೆ: "ನನ್ನ ಕೈಲಿ ಏನೂ ಆಗಲ್ಲ, ಇನ್ನು ಏನು ತಿಂದರೇನು." ಆ ಯೋಚನೆಯಿಂದ ಬೇಸರ, ಬೇಸರದಿಂದ ಹಾಸಿಗೆ, ಹಾಸಿಗೆಯಿಂದ ಮಾತ್ರೆ ತಪ್ಪುವುದು, ಮಾರನೆಯ ದಿನ ಮೀಟರಿನಲ್ಲಿ 16. ಚಿಕಿತ್ಸಕರು ಈ ಸರಪಳಿಯನ್ನು ರೋಗಿಯ ಕೈಯಿಂದಲೇ ಕಾಗದದ ಮೇಲೆ ಬರೆಸುತ್ತಾರೆ. ಏನೂ ಆಗಲ್ಲ ಎಂಬುದು ನಿಜವೇ, ಕಳೆದ ತಿಂಗಳು 9 ಬಂದ ದಿನ ಏನು ಮಾಡಿದ್ದಿರಿ ಎಂದು ಕೇಳುತ್ತಾರೆ. ಈ ವಾರ ಮಾಡಿ ನೋಡಲು ಒಂದೇ ಒಂದು ಸಣ್ಣ ಕೆಲಸ ಗೊತ್ತು ಮಾಡುತ್ತಾರೆ. ಮುಂದಿನ ವಾರ ಅದರ ಲೆಕ್ಕ ಕೇಳುತ್ತಾರೆ.

1998ರಲ್ಲಿ ಪ್ರಕಟವಾದ ಲಸ್ಟ್‌ಮನ್ನರ ಪರೀಕ್ಷೆಯಲ್ಲಿದ್ದವರು 51 ಜನ. ಹತ್ತು ವಾರ ಎಲ್ಲರಿಗೂ ಸಕ್ಕರೆ ಕಾಯಿಲೆಯ ತಿಳಿವಳಿಕೆ. ಅರ್ಧ ಜನಕ್ಕೆ ಅದರ ಜೊತೆ ಈ ಮಾತಿನ ಚಿಕಿತ್ಸೆ. ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇಕಡ 85 ಜನ ಖಿನ್ನತೆಯಿಂದ ಹೊರಬಂದರು, ಉಳಿದವರಲ್ಲಿ ಶೇಕಡ 27. ಸಕ್ಕರೆಯ ಕಥೆ ಇನ್ನೂ ಕುತೂಹಲದ್ದು. ಹತ್ತು ವಾರ ಮುಗಿದಾಗ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಆರು ತಿಂಗಳ ನಂತರ ನೋಡಿದರೆ ಎಚ್‌ಬಿಎ1ಸಿ ಒಂದು ಗುಂಪಿನಲ್ಲಿ 9.5, ಇನ್ನೊಂದರಲ್ಲಿ 10.9. ಮೊದಲು ಮನಸ್ಸು ಎದ್ದಿತು, ಸಕ್ಕರೆ ನಿಧಾನವಾಗಿ ಹಿಂದೆ ಬಂತು. ಚಿಕ್ಕ ಪರೀಕ್ಷೆ ನಿಜ. ಆದರೆ ಇಂಥದೊಂದು ಬಾಗಿಲು ಇದೆ ಎಂದು ತೋರಿಸಿತು.

ಆಮೇಲೆ ದೊಡ್ಡ ಲೆಕ್ಕಗಳು ಬಂದವು. 42 ಅಧ್ಯಯನಗಳನ್ನು ಒಟ್ಟುಗೂಡಿಸಿದ 2001ರ ವರದಿಯೊಂದು, ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆಯ ಸಂಭವ ಇಲ್ಲದವರಿಗಿಂತ ಸುಮಾರು ಎರಡರಷ್ಟು ಎಂದಿತು. 2008ರ ಇನ್ನೊಂದು ವರದಿ ಎರಡೂ ದಿಕ್ಕಿನ ಲೆಕ್ಕ ಹಾಕಿತು: ಖಿನ್ನತೆ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಶೇಕಡ 60ರಷ್ಟು ಹೆಚ್ಚು, ಸಕ್ಕರೆ ಕಾಯಿಲೆ ಇದ್ದವರಿಗೆ ಖಿನ್ನತೆ ಬರುವ ಸಂಭವ ಶೇಕಡ 15ರಷ್ಟು ಹೆಚ್ಚು. ಅಂದರೆ ವಿಲ್ಲಿಸರ ಮಾತು 334 ವರ್ಷಗಳ ನಂತರ ಅಂಕಿಗಳೊಡನೆ ಮರಳಿ ಬಂತು.

ಇನ್ನು ವ್ಯಾಯಾಮ. ಇಲ್ಲಿ ನಮ್ಮ ಎರಡು ಊರುಗಳ ಹೆಸರನ್ನೂ ಹೇಳಲೇಬೇಕು. ಮೆಲ್ಬೋರ್ನಿನ ಡೇವಿಡ್ ಡನ್‌ಸ್ಟನ್ ಮತ್ತು ಸಂಗಡಿಗರು 60ರಿಂದ 80 ವರ್ಷದ 36 ಸಕ್ಕರೆ ಕಾಯಿಲೆಯವರನ್ನು ಆರಿಸಿ, ಎಲ್ಲರಿಗೂ ತೂಕ ಇಳಿಸುವ ಆಹಾರ ಕೊಟ್ಟು, ಒಂದು ಗುಂಪಿನಿಂದ ಮಾತ್ರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಆರು ತಿಂಗಳಲ್ಲಿ ಭಾರ ಎತ್ತಿದವರ ಎಚ್‌ಬಿಎ1ಸಿ 1.2 ಇಳಿಯಿತು, ಉಳಿದವರದು 0.4. ಇದು 2002ರ ಮಾತು. ಸಿಡ್ನಿಯಲ್ಲಿ ಮರಿಯಾ ಫಿಯಟರೋನ್ ಸಿಂಗ್ ಅವರ ತಂಡ 60 ದಾಟಿದ, ಖಿನ್ನತೆ ಇದ್ದ 60 ಜನರನ್ನು ಮೂರು ಗುಂಪು ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿತು. ಎಂಟು ವಾರಗಳಲ್ಲಿ ಖಿನ್ನತೆ ಅರ್ಧಕ್ಕೆ ಇಳಿದದ್ದು, ಹೆಚ್ಚು ಭಾರ ಎತ್ತಿದವರಲ್ಲಿ ಶೇಕಡ 61, ಕಡಿಮೆ ಭಾರ ಎತ್ತಿದವರಲ್ಲಿ 29, ತಮ್ಮ ವೈದ್ಯರ ಮಾಮೂಲು ಚಿಕಿತ್ಸೆಯಲ್ಲಿದ್ದವರಲ್ಲಿ 21. ಮೆಲ್ಬೋರ್ನಿನವರು ಸಕ್ಕರೆಗೆಂದು ಎತ್ತಿಸಿದರು, ಸಿಡ್ನಿಯವರು ಮನಸ್ಸಿಗೆಂದು ಎತ್ತಿಸಿದರು. ಎತ್ತಿಸಿದ್ದು ಒಂದೇ ಬಗೆಯ ಭಾರ.

ಮೈಸೂರಿನ ಗರಡಿ ಮನೆಗಳ ಪಕ್ಕದಲ್ಲಿ ಬೆಳೆದವರಿಗೆ ಇದು ಹೊಸದೆನಿಸದು. ಹಾಗೆಂದು ಗರಡಿಯೇ ಸಿಗಬೇಕಿಲ್ಲ. ನಮ್ಮ ಅಜ್ಜಿಯರು ಬೆಳಗಿನ ಜಾವ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ಕೈ ಕಲ್ಲು ತಿರುಗಿಸುತ್ತಿತ್ತು, ಬಾಯಿ ಪದ ಹಾಡುತ್ತಿತ್ತು. ತವರಿನ ನೆನಪು, ಅತ್ತೆಯ ಕಾಟ, ಸತ್ತ ಕೂಸು, ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನೆಲ್ಲ ಕಲ್ಲಿಗೆ ಹೇಳುತ್ತಿದ್ದರು. ಎದುರಿಗೆ ಇನ್ನೊಬ್ಬಳು ಕುಳಿತು ಗೂಟಕ್ಕೆ ಕೈ ಹಾಕಿದ್ದರೆ ಕೇಳುವವಳೂ ಇದ್ದಳು. ಕಷ್ಟದ ದುಡಿಮೆಯನ್ನು ಚಿಕಿತ್ಸೆಯೆಂದು ಹೊಗಳುವುದು ತಪ್ಪಾದೀತು. ಅವರಿಗೆ ಬೇರೆ ಆಯ್ಕೆ ಇರಲಿಲ್ಲ. ಆದರೆ ಮಿಕ್ಸಿ ಬಂದಾಗ ಹೋದದ್ದು ತೋಳಿನ ನೋವೊಂದೇ ಅಲ್ಲ ಎಂದು ನಮಗೆ ಅನಿಸಿದ್ದುಂಟು.

ಮಾತು ಮತ್ತು ವ್ಯಾಯಾಮ ಎರಡನ್ನೂ ಸೇರಿಸಿ, ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಎರಡೂ ಇರುವವರ ಮೇಲೆಯೇ ನಡೆದ ಪರೀಕ್ಷೆ ಅಮೆರಿಕದ ಮೇರಿ ಡಿ ಗ್ರೂಟ್ ಅವರದು. 2019ರಲ್ಲಿ ಹೊರಬಂತು. ಇಂಡಿಯಾನಾ, ಒಹಾಯೊ, ಪಶ್ಚಿಮ ವರ್ಜೀನಿಯಾ ರಾಜ್ಯಗಳ 140 ಜನ. ಕೆಲವರಿಗೆ ಮಾತಿನ ಚಿಕಿತ್ಸೆ, ಕೆಲವರಿಗೆ ಹನ್ನೆರಡು ವಾರದ ವ್ಯಾಯಾಮ, ಕೆಲವರಿಗೆ ಎರಡೂ, ಇನ್ನುಳಿದವರಿಗೆ ಮಾಮೂಲು ಚಿಕಿತ್ಸೆ. ಮಾಮೂಲಿಗಿಂತ ಮೂರು ಗುಂಪುಗಳೂ ಚೆನ್ನಾಗಿ ಚೇತರಿಸಿಕೊಂಡವು. ಆರಂಭದಲ್ಲಿ ಎಚ್‌ಬಿಎ1ಸಿ 7 ಅಥವಾ ಹೆಚ್ಚಿದ್ದವರಲ್ಲಿ ವ್ಯಾಯಾಮದ ಗುಂಪಿನದು 0.7ರಷ್ಟು ಉತ್ತಮಗೊಂಡಿತು. ಯೋಗ ಏಕಿಲ್ಲ ಎಂದು ಕೇಳುವವರಿಗೆ: ನಿಮ್ಹಾನ್ಸ್‌ನವರು ತೀವ್ರ ಖಿನ್ನತೆಯ 45 ಜನರ ಮೇಲೆ ಸುದರ್ಶನ ಕ್ರಿಯೆಯನ್ನು ಮಾತ್ರೆ ಮತ್ತು ವಿದ್ಯುತ್ ಚಿಕಿತ್ಸೆಯೊಡನೆ ಹೋಲಿಸಿ 2000ದಲ್ಲಿ ಪ್ರಕಟಿಸಿದ್ದಾರೆ. ಕ್ರಿಯೆ ಮಾತ್ರೆಗೆ ಹತ್ತಿರ ಬಂತು, ವಿದ್ಯುತ್ ಚಿಕಿತ್ಸೆ ಎರಡಕ್ಕಿಂತ ಮುಂದಿತ್ತು. ಯೋಗ ಮಾಡುವವರು ಮಾಡಲಿ. ಎಲ್ಲ ಯೋಗದಿಂದಲೇ ಆಗುತ್ತದೆ ಎಂದು ವೇದಿಕೆಯ ಮೇಲೆ ಹೇಳುವವರು ಈ ಕೊನೆಯ ಭಾಗವನ್ನೂ ಹೇಳಲಿ.

ಆದರೆ ಆ ತಾಯಿ ನಮಗೆ ಕೇಳಿದ ಪ್ರಶ್ನೆಗೆ ಇದಾವುದರಲ್ಲೂ ನೇರ ಉತ್ತರವಿಲ್ಲ. ವ್ಯಾಯಾಮ ಒಳ್ಳೆಯದೆಂದು ಅವರಿಗೂ ಗೊತ್ತಿತ್ತು. ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಎದ್ದು ಹೊರಡುವ ಮನಸ್ಸನ್ನು. ಕಾಲು ಮುರಿದವರಿಗೆ ನಡೆದರೆ ಸರಿಹೋಗುತ್ತೆ ಎಂದ ಹಾಗೆ ನಮ್ಮ ಸಲಹೆ ಇತ್ತು. ಉತ್ತರ ಸಿಕ್ಕಿದ್ದು ಊರಿನ ಕಡೆಯಿಂದ.

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಅವರ ತಂಡ 495 ಖಿನ್ನ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಸಣ್ಣ ಕೆಲಸದಿಂದ ಆರಂಭಿಸಿದರೆ ಮನಸ್ಸು ಹಿಂದೆ ಬರುತ್ತದೆ ಎಂಬುದೇ ಅದರ ತಿರುಳು. ಮೂರು ತಿಂಗಳಲ್ಲಿ ಶೇಕಡ 64 ಜನ ಚೇತರಿಸಿಕೊಂಡರು, ಆ ಭೇಟಿಗಳಿಲ್ಲದವರಲ್ಲಿ ಶೇಕಡ 39.

ಅದಕ್ಕಿಂತ ನಮಗೆ ಹತ್ತಿರದ್ದು 2020ರ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆ. ಸಕ್ಕರೆ ಹತೋಟಿ ತಪ್ಪಿದ್ದ, ಜೊತೆಗೆ ಖಿನ್ನತೆಯೂ ಇದ್ದ 404 ಜನ; ಚೆನ್ನೈ, ದೆಹಲಿ, ವಿಶಾಖಪಟ್ಟಣ ಮತ್ತು ನಮ್ಮ ಬೆಂಗಳೂರಿನ ಡಯಾಕಾನ್ ಆಸ್ಪತ್ರೆ, ಹೀಗೆ ನಾಲ್ಕು ಕಡೆ. ಅಲ್ಲಿ ಹೊಸದಾಗಿ ಸೇರಿಸಿದ್ದು ಒಬ್ಬ ವ್ಯಕ್ತಿಯನ್ನು, ಒಂದು ಔಷಧಿಯನ್ನಲ್ಲ. ವೈದ್ಯರಲ್ಲದ ಒಬ್ಬ ಸಂಯೋಜಕರು ರೋಗಿಯೊಡನೆ ಮಾತನಾಡುತ್ತ, ಮನಸ್ಸು ಹೇಗಿದೆ, ಓಡಾಟ ಹೇಗಿದೆ, ಮಾತ್ರೆ ತಪ್ಪಿತೇ ಎಂದು ವಿಚಾರಿಸುತ್ತ ಇರುತ್ತಿದ್ದರು. ಅವರು ಬರೆದಿಟ್ಟದ್ದನ್ನು ಮನೋವೈದ್ಯರೂ ಸಕ್ಕರೆ ವೈದ್ಯರೂ ಒಟ್ಟಿಗೆ ಕುಳಿತು ನೋಡುತ್ತಿದ್ದರು. ಬೇಕಾದವರಿಗೆ ಮಾತ್ರೆ ಬದಲಿಸುತ್ತಿದ್ದರು. ಎರಡು ವರ್ಷದ ಕೊನೆಗೆ ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್ ಇವುಗಳಲ್ಲಿ ಒಂದಾದರೂ ಗೊತ್ತು ಮಾಡಿದಷ್ಟು ಇಳಿದವರು ಈ ಗುಂಪಿನಲ್ಲಿ ಶೇಕಡ 71.6, ಮಾಮೂಲು ಚಿಕಿತ್ಸೆಯಲ್ಲಿ ಶೇಕಡ 57.4. ಎರಡು ಕಟ್ಟಡಗಳ ನಡುವಿನ ದೂರವನ್ನು ನಡೆದವರು ಆ ಸಂಯೋಜಕರು.

ನಾವಿರುವ ದೇಶದಲ್ಲಿ ಏರ್ಪಾಡುಗಳಿಗೆ ಕೊರತೆಯಿಲ್ಲ. ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತಾಡಿಸಲೆಂದು ಹುಟ್ಟಿದ ಬಿಯಾಂಡ್ ಬ್ಲೂ ಸಂಸ್ಥೆ 2000ದಲ್ಲಿ ಮೆಲ್ಬೋರ್ನಿನಲ್ಲೇ ಆರಂಭವಾಯಿತು. 2006ರ ನವೆಂಬರಿನಿಂದ, ಜಿ.ಪಿ. ಬರೆದುಕೊಟ್ಟರೆ ಮನಃಶಾಸ್ತ್ರಜ್ಞರ ಭೇಟಿಗೆ ಮೆಡಿಕೇರ್ ಹಣ ಸಿಗುತ್ತದೆ. ಈಗ ವರ್ಷಕ್ಕೆ ಹತ್ತು ಭೇಟಿ. ಸಕ್ಕರೆ ಕಾಯಿಲೆಯವರಿಗೆ ವ್ಯಾಯಾಮ ತಜ್ಞರ ಬಳಿ ಗುಂಪಿನ ತರಗತಿಗೂ ಸಿಗುತ್ತದೆ. ಇವನ್ನು ಕೇಳಿ ಪಡೆದ ಕನ್ನಡಿಗರನ್ನು ನಾವು ಬೆರಳಲ್ಲಿ ಎಣಿಸಬಹುದು. ಇನ್ನೊಂದು ಸಂಕಟ: ವಿಸಿಟರ್ ವೀಸಾದ ಮೇಲೆ ಮಕ್ಕಳ ಮನೆಗೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ತಂದೆತಾಯಿಗಳಿಗೆ ಮೆಡಿಕೇರ್ ಇಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿಯಾದರೆ ಸಂಜೆ ಆರರವರೆಗೆ ಅವರಿಗೆ ಗೋಡೆಗಳೇ ನೆಂಟರು.

ಲಿವರ್‌ಪೂಲಿನ ಬಿಗ್ ಪಾರ್ಕಿನ (ದೊಡ್ಡ ಎಂಬ ಅರ್ಥದ ಬಿಗ್ ಅಲ್ಲ, ಬಿಗ್ ಎಂಬ ಕಮಿಷನರ ಹೆಸರು) ಪಕ್ಕದಲ್ಲಿ ಗ್ರೀನ್‌ವೇ ನಕ್ಷೆ ಬರೆದ ಹಳೆಯ ಆಸ್ಪತ್ರೆ ಕಟ್ಟಡವಿದೆ. ಈಗ ಅಲ್ಲಿ ಟೇಫ್ ಕಾಲೇಜು. ಹತ್ತೊಂಬತ್ತನೆಯ ಶತಮಾನದಲ್ಲಿ ದಿಕ್ಕಿಲ್ಲದ ಮುದುಕರನ್ನು ತಂದು ಇರಿಸುತ್ತಿದ್ದ ಆಶ್ರಮ ಅದಾಗಿತ್ತು. ಆ ದಾರಿಯಲ್ಲಿ ಹೋಗುವಾಗ, ಮಕ್ಕಳೂ ಮೊಮ್ಮಕ್ಕಳೂ ಇದ್ದು ದಿನವಿಡೀ ಒಬ್ಬರೇ ಕೂರುವ ನಮ್ಮ ಹಿರಿಯರ ನೆನಪಾಗುತ್ತದೆ.

ಕೇಳುವುದಾದರೂ ಹೇಗೆ? ಖಿನ್ನತೆ ಎಂಬುದು ಪುಸ್ತಕದ ಮಾತು. ಕೊರವಂಜಿಯ ಡಾ. ಎಂ. ಶಿವರಾಂ (ರಾಶಿ) ಅವರ 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಮನಸ್ಸಿನ ಮೇಲೆ ರಾಶಿ ರಾಶಿ ಪುಸ್ತಕ ಬರೆದಿದ್ದಾರೆ. ಆದರೂ "ನಿಮಗೆ ಖಿನ್ನತೆ ಇದೆಯೇ" ಎಂದರೆ ನಮ್ಮ ಹಿರಿಯರು "ಅಯ್ಯೋ, ಅದೆಲ್ಲ ಇಲ್ಲಪ್ಪ" ಎನ್ನುತ್ತಾರೆ. ಇಲ್ಲಿಯ ವೈದ್ಯರು ಕಳೆದ ಎರಡು ವಾರಗಳ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ: ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ, ಮನಸ್ಸು ಕುಗ್ಗಿದೆಯೇ. ನಾವು ಇದನ್ನು ಬದಲಿಸಿಕೊಂಡಿದ್ದೇವೆ. ಊಟ ರುಚಿಸುತ್ತಾ? ಜಾವದಲ್ಲಿ ಎಚ್ಚರ ಆಗುತ್ತಾ? ಊರಿಗೆ ಫೋನ್ ಮಾಡಬೇಕು ಅನ್ನಿಸುತ್ತಾ? ದೇವರ ಮುಂದೆ ಕೂರೋಕೆ ಮನಸ್ಸು ಬರುತ್ತಾ? ನಾಲ್ಕನೆಯದಕ್ಕೆ ಕಣ್ಣಲ್ಲಿ ನೀರು ಬಂದದ್ದನ್ನು ಎಷ್ಟೋ ಸಲ ನೋಡಿದ್ದೇವೆ. ಬದುಕೇ ಬೇಡ ಎಂಬ ಮಾತು ಬಂದರೆ ತಡ ಮಾಡಬಾರದು. ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ಲೈಫ್‌ಲೈನ್ 13 11 14, ಹಗಲೂ ರಾತ್ರಿ. ಭಾಷೆಯ ತೊಂದರೆಗೆ ದುಭಾಷಿ ಸೇವೆ 131 450.

ಎರಡು ಎಚ್ಚರಿಕೆ ಹೇಳಿಬಿಡುತ್ತೇವೆ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು, ಪಾದದಲ್ಲಿ ಗಾಯವಿದೆಯೇ ನೋಡಿಕೊಳ್ಳಬೇಕು. ಖಿನ್ನತೆಗೆ ಈಗಾಗಲೇ ಮಾತ್ರೆ ನಡೆಯುತ್ತಿದ್ದರೆ ಈ ಲೇಖನ ಓದಿ ನಿಲ್ಲಿಸಬಾರದು. ಲಸ್ಟ್‌ಮನ್ನರ ಕಾಲದ ಆ ಮಾತ್ರೆಯ ದೋಷ ಇಂದಿನ ಎಲ್ಲ ಮಾತ್ರೆಗಳಿಗೂ ಇಲ್ಲ.

ಆ ತಾಯಿಯ ಕಥೆ ಬಾಕಿ ಉಳಿಯಿತು. ಅವರಿಗೆ ಮೆಡಿಕೇರ್ ಇತ್ತು, ಮನಃಶಾಸ್ತ್ರಜ್ಞರ ಬಳಿ ಕಳಿಸಿದೆವು. ಮೊದಲ ಎರಡು ಸಲ ಸೊಸೆ ಜೊತೆಗೆ ಹೋಗಿ ಮಾತು ತಿರುಗಿಸಿ ಹೇಳಿದರು, ಸೊಸೆಯೆದುರು ಹೇಳಲಾಗದ್ದೂ ಇರುತ್ತದಲ್ಲ, ಮೂರನೆಯ ಸಲದಿಂದ ದುಭಾಷಿ ಬಂದರು. ಗೊತ್ತು ಮಾಡಿದ ಮೊದಲ ಸಣ್ಣ ಕೆಲಸ, ಬೆಳಿಗ್ಗೆ ಎದ್ದು ದೀಪ ಹಚ್ಚುವುದು, ಅಷ್ಟೇ. ಎರಡನೆಯದು ಗೇಟಿನವರೆಗೆ ಹೋಗಿ ಬರುವುದು. ಅದೇ ಬೀದಿಯ ಕೊನೆಯಲ್ಲಿ ಒಬ್ಬ ತೆಲುಗು ಅಜ್ಜಿ ಇದ್ದರೆಂಬುದು ಆಮೇಲೆ ಗೊತ್ತಾಯಿತು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ತೆಲುಗಿನಲ್ಲಿ ಮಾತಾಡುತ್ತ ಚಿಪ್ಪಿಂಗ್ ನಾರ್ಟನ್ ಕೆರೆಯ ಸುತ್ತ ನಡೆಯತೊಡಗಿದರು. ಏಳು ತಿಂಗಳ ನಂತರ ಎಚ್‌ಬಿಎ1ಸಿ 8.1ಕ್ಕೆ ಬಂತು; ಇನ್ನೂ ಹೆಚ್ಚೇ, ಮಾತ್ರೆಗಳೂ ಇವೆ. ಕಳೆದ ಸಲ ಬಂದಾಗ ಹೊಸ ದೂರು ತಂದಿದ್ದರು. "ಮೊಣಕಾಲು ನೋಯುತ್ತೆ ಡಾಕ್ಟ್ರೇ, ಆವಮ್ಮ ಬಹಳ ಜೋರಾಗಿ ನಡೀತಾರೆ. ಸ್ವಲ್ಪ ನಿಧಾನಕ್ಕೆ ನಡೀರಿ ಅಂತ ತೆಲುಗಲ್ಲಿ ಹೇಗೆ ಹೇಳೋದು?"